ಅಣಬೆಯನ್ನು ಬುಡಸಹಿತ ಮನೆಗೆ ತನ್ನಿರಿ

ಮುಂಗಾರಿನ ಗುಡುಗು ಮಳೆಯ ನಂತರ ಹೊಲದ ಬದುಗಳಲ್ಲಿ, ಹುತ್ತಗಳ ಬಳಿ ಅಣಬೆಗಳು ಏಳುವುದನ್ನು ನೀವು ಬಲ್ಲಿರಿ. ಸಾಮಾನ್ಯವಾಗಿ ಅವುಗಳನ್ನು ಕಿತ್ತು ತರುವವರು ಒಬ್ಬರು, ಅಡಿಗೆ ಮಾಡುವವರು ಮತ್ತೊಬ್ಬರು. ತಂದವರು ಬುಡವನ್ನು ಮುರಿದು ಕೊಡೆಯನ್ನು ಮಾತ್ರ ತಂದರೆ, ವಿಷದ ಗುರುತು ಮಣ್ಣಿನಲ್ಲಿಯೇ ಉಳಿದುಬಿಡುತ್ತದೆ. ಆದುದರಿಂದ ಅಣಬೆಯನ್ನು ಬುಡಸಹಿತ ಅಗೆದು ತಂದು, ಪತಿಪತ್ನಿಯರಿಬ್ಬರೂ ಕೂಡಿ ಪರೀಕ್ಷಿಸತಕ್ಕದ್ದು.

ಮೂರು ಅಣಬೆಗಳ ಗುರುತುಗಳು

1. ಹುತ್ತದ ಅಣಬೆ: ಇದು ಗೆದ್ದಲಿನ ಗೂಡಿನಿಂದ ಹುಟ್ಟುತ್ತದೆ. ಕಾಂಡವು ಬೇರಿನಂತೆ ನೀಳವಾಗಿ ನೆಲದೊಳಗಿನ ಗೂಡಿನವರೆಗೆ ಇಳಿದಿರುತ್ತದೆ. ಕೊಡೆಯ ನಡುವೆ ಮೊನೆಯಿರುತ್ತದೆ. ಕೊಡೆಯ ಅಡಿಯ ಪದರಗಳು ಮೊದಲು ಬಿಳುಪಾಗಿದ್ದು, ಬಲಿತಂತೆ ನಸುಗುಲಾಬಿ ಬಣ್ಣಕ್ಕೆ ತಿರುಗುತ್ತವೆ.

2. ಕ್ಲೋರೋಫಿಲ್ಲಮ್ ಎಂಬ ವಿಷದ ಅಣಬೆ: ಇದು ಹುಲ್ಲುಗಾವಲಿನಲ್ಲಿ ಬೆಳೆಯುತ್ತದೆ. ಬಿಳಿಯ ಕೊಡೆಯ ಮೇಲೆ ಕಂದು ಹುರುಪೆಗಳು, ಕಾಂಡದ ಮೇಲೆ ಉಂಗುರ ಇರುತ್ತವೆ. ಎಳೆಯದಾಗಿದ್ದಾಗ ಪದರಗಳು ಬಿಳುಪು. ಬಲಿತ ಮೇಲೆ ಹಸಿರು ಛಾಯೆ ತಾಳುತ್ತವೆ. ಎಳೆಯ ಅಣಬೆಯಿಂದ ಮೋಸಹೋಗುವುದು ಇದರಿಂದಲೇ.

3. ಅಮಾನಿಟಾ: ಇದರ ಪದರಗಳು ಸಾಮಾನ್ಯವಾಗಿ ಬಲಿತ ಮೇಲೂ ಬಿಳುಪಾಗಿಯೇ ಇರುತ್ತವೆ. ಅತಿ ಘೋರವಾದ ಜಾತಿಗಳಲ್ಲಿ ಕಾಂಡದ ಮೇಲೆ ಉಂಗುರವೂ, ಬುಡದಲ್ಲಿ ಚೀಲದಂತಹ ಬಟ್ಟಲೂ ಇರುತ್ತವೆ. ಈ ಬಟ್ಟಲು ಮಣ್ಣಿನೊಳಗೆ ಅಡಗಿರುತ್ತದೆ.

ಸಂಶಯವಿದ್ದಲ್ಲಿ ಒಂದು ಕೊಡೆಯನ್ನು ಕತ್ತರಿಸಿ, ಪದರಗಳನ್ನು ಕೆಳಗೆ ಮಾಡಿ ಬಿಳಿಯ ಕಾಗದದ ಮೇಲಿಟ್ಟು, ಬಟ್ಟಲು ಕವುಚಿ ಒಂದು ರಾತ್ರಿ ಬಿಡಿರಿ. ಹಸಿರು ಪುಡಿ ಬಿದ್ದರೆ ಅದು ವಿಷದ ಅಣಬೆ. ಗುಲಾಬಿ ಪುಡಿ ಬಿದ್ದ ಮಾತ್ರಕ್ಕೆ ತಿನ್ನಬಹುದೆಂದು ತಿಳಿಯಬೇಡಿರಿ. ವಿಷದ ಕೆಲವು ಅಣಬೆಗಳ ಪುಡಿಯೂ ಗುಲಾಬಿಯೇ. ಎಲ್ಲ ಗುರುತುಗಳೂ ಕೂಡಿಬರದಿದ್ದರೆ, ಅನುಭವಿಗಳು ನೋಡಿ ಒಪ್ಪದಿದ್ದರೆ, ಎಲ್ಲವನ್ನೂ ಹೂಳಿಬಿಡಿರಿ.

ತಪ್ಪು ನಂಬಿಕೆಗಳು

ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲ, ಹುಳು ತಿಂದದ್ದನ್ನು ಮನುಷ್ಯರೂ ತಿನ್ನಬಹುದು, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ ಎಂಬ ಮಾತುಗಳು ನಿಜವಲ್ಲ. ಅಮಾನಿಟಾದ ವಿಷವು ಬೇಯಿಸಿದರೂ ಒಣಗಿಸಿದರೂ ನಾಶವಾಗದು.

ವಾಂತಿಭೇದಿಯಾದಾಗ

ಕ್ಲೋರೋಫಿಲ್ಲಮ್ ತಿಂದವರಿಗೆ ಸಾಮಾನ್ಯವಾಗಿ 1 ರಿಂದ 3 ಗಂಟೆಗಳಲ್ಲಿ ವಾಂತಿಭೇದಿ ತೊಡಗುತ್ತದೆ. ಅಮಾನಿಟಾದ ವಿಷ ಕಾಣಿಸಿಕೊಳ್ಳಲು 6 ಗಂಟೆಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಬಳಿಕ ವಾಂತಿಭೇದಿ ನಿಂತು ರೋಗಿಯು ಗುಣಮುಖನಾದಂತೆ ತೋರಿದರೂ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಕೆಲವು ದಿನಗಳಲ್ಲಿ ಪ್ರಾಣವೇ ಹೋಗಬಹುದು. ಆದುದರಿಂದ ಭೇದಿ ನಿಂತಿತೆಂದು ಮನೆಯಲ್ಲಿ ಉಳಿಯಬೇಡಿರಿ. 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಹೋಗಿರಿ. ಉಳಿದ ಅಣಬೆಯನ್ನೂ ಸಾರನ್ನೂ ಜೊತೆಗೆ ಒಯ್ಯಿರಿ. ಉಂಡವರೆಲ್ಲರನ್ನೂ, ಆರೋಗ್ಯವಾಗಿರುವಂತೆ ಕಾಣುವ ಮಕ್ಕಳನ್ನೂ, ವೈದ್ಯರಿಗೆ ತೋರಿಸಿರಿ.

ಒಂದು ಹೊತ್ತಿನ ರುಚಿಯನ್ನು ಬಿಟ್ಟರೆ ನಷ್ಟವಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಸಂಶಯ ಬಂದರೂ ಆ ಅಣಬೆಯು ಒಲೆಯನ್ನು ಏರದಿರಲಿ.