ಮನೆ ಕೊಳ್ಳುವ ಮುನ್ನ ನೆಲ ನೋಡುವುದು: ಒಂದು ಪಾಠ, ಒಂದು ತಿದ್ದುಪಡಿ

ಪ್ರಾಯೋಗಿಕ ಬೋಧನೆಗೆ ನನಗೆ ಸಿಕ್ಕಿದ್ದು ರಾಮನಗರದ ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿ, ಎರಡು ವಿಭಾಗಗಳು. ಪಾಠದ ವಿಷಯ ‘ಮನೆಯ ಜಾಗ ಮತ್ತು ಪರಿಸರದ ಅಪಾಯಗಳು’. ‘ಎ’ ವಿಭಾಗದಲ್ಲಿ ಮಾಡಿದ ಪಾಠ ಚೆನ್ನಾಗಿ ಬಂತೆಂದು ನಾನು ತಿಳಿದಿದ್ದೆ. ಅದರಲ್ಲೊಂದು ದೊಡ್ಡ ಲೋಪವಿತ್ತು. ‘ಬಿ’ ವಿಭಾಗಕ್ಕೆ ಅದನ್ನು ತಿದ್ದಿ ಮಾಡಿದೆ. ಮುಂದೆ ಈ ಪಾಠ ಎತ್ತಿಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಬಹುದೆಂದು ಎರಡನ್ನೂ ಬರೆಯುತ್ತಿದ್ದೇನೆ.

ಈ ವಿಷಯ ಹೊಳೆದದ್ದು ಮನೆಯಿಂದ. ಅಪ್ಪ ಮೂವತ್ತು ವರ್ಷ ರೇಷ್ಮೆ ರೀಲಿಂಗ್ ಘಟಕದಲ್ಲಿ ದುಡಿದವರು. ಕೂಡಿಟ್ಟ ಹಣದಲ್ಲಿ ಊರಾಚೆಯ ಹೊಸ ಬಡಾವಣೆಯೊಂದರಲ್ಲಿ 30×40 ಸೈಟಿಗೆ ಐವತ್ತು ಸಾವಿರ ಮುಂಗಡ ಕೊಟ್ಟು ಬಂದಿದ್ದರು. ‘ಕಾಗದಪತ್ರ ಎಲ್ಲ ಸರಿಯಾಗಿದೆ ಕಣಮ್ಮ, ಲಾಯರಿಗೂ ತೋರಿಸಿದೀನಿ’ ಎಂದರು. ಭೂಪರಿವರ್ತನೆ ಆದೇಶ, ಇ-ಖಾತೆ, ಋಣಭಾರ ಪ್ರಮಾಣಪತ್ರ ಎಲ್ಲವೂ ಇದ್ದವು. ಜಾಗ ಯಾರದು, ಅದರ ಮೇಲೆ ಸಾಲ ಇದೆಯೇ ಎಂಬುದನ್ನು ಅವು ಹೇಳುತ್ತವೆ. ಮಳೆ ನೀರು ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ ಎಂಬುದು ಅವುಗಳಲ್ಲಿ ಯಾವುದರಲ್ಲೂ ಇರಲಿಲ್ಲ.

ಪೂರ್ವಜ್ಞಾನ ಪರೀಕ್ಷೆಗೆ ಹೆಚ್ಚು ಶ್ರಮ ಬೇಕಾಗಲಿಲ್ಲ. 2022ರ ಆಗಸ್ಟ್ ಕೊನೆಯ ಮಳೆ ಎಂದೊಡನೆ ಅರ್ಧ ತರಗತಿ ಕೈ ಎತ್ತಿತು. ಆಗ ಇವರೆಲ್ಲ ಪ್ರಾಥಮಿಕ ಶಾಲೆಯಲ್ಲಿದ್ದ ಪುಟ್ಟ ಮಕ್ಕಳು. ಕೆರೆಗಳು ಕೋಡಿ ಬಿದ್ದು ರಾಮನಗರ, ಚನ್ನಪಟ್ಟಣದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದು, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಂಗಬಸವನದೊಡ್ಡಿ ಬಳಿಯ ಕೆಳಸೇತುವೆಯಲ್ಲಿ ಬಸ್ಸು, ಕಾರುಗಳು ಮುಳುಗಿ ನಿಂತದ್ದು ಅವರಿಗೆ ನೆನಪಿತ್ತು. ‘ಅಷ್ಟು ನೀರು ಎಲ್ಲಿಂದ ಬಂತು?’ ಎಂಬುದೇ ನನ್ನ ಮೊದಲ ಪ್ರಶ್ನೆ. ‘ಮೇಲಿಂದ ಮಿಸ್’ ಎಂದ ಒಬ್ಬ. ಎಲ್ಲರೂ ನಕ್ಕರು. ಆದರೆ ಆ ‘ಮೇಲಿಂದ’ ಎಂಬುದನ್ನೇ ಬಿಡಿಸಬೇಕಿತ್ತು.

ಲೆಕ್ಕ ಕಪ್ಪುಹಲಗೆಯ ಮೇಲಾಯಿತು. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಅದರ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 1,000 ಘನ ಮೀಟರ್, ಅಂದರೆ ಹತ್ತು ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ 166 ಟ್ಯಾಂಕರ್ ದಾಟುತ್ತದೆ. 30×40 ಸೈಟಿನ ಮೇಲೆ ಬೀಳುವುದು ಸುಮಾರು 11 ಸಾವಿರ ಲೀಟರ್ ಮಾತ್ರ. ಮುಳುಗಿಸುವುದು ನಮ್ಮ ಸೈಟಿನ ಮೇಲೆ ಬಿದ್ದ ಮಳೆಯಲ್ಲ, ಮೇಲಿನ ಜಮೀನು ಮತ್ತು ಬಂಡೆಗಳ ಮೇಲೆ ಬಿದ್ದದ್ದು ಎಂದು ಮಕ್ಕಳೇ ಹೇಳಿದರು. ನಮ್ಮಲ್ಲಿ ಬಂಡೆಗಳಿಗೆ ಕೊರತೆಯಿಲ್ಲ. ರಾಮದೇವರ ಬೆಟ್ಟದಿಂದ ಮಾಗಡಿಯ ಸಾವನದುರ್ಗದವರೆಗೆ ಬೋಳು ಗ್ರಾನೈಟ್. ಭೂವಿಜ್ಞಾನಿಗಳು ಇದನ್ನು ಕರೆಯುವುದು ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದು. ಕ್ಲೋಸ್‌ಪೇಟೆ ರಾಮನಗರದ ಹಳೆಯ ಹೆಸರು. ನಮ್ಮೂರ ಹೆಸರು ಭೂವಿಜ್ಞಾನದ ಪುಸ್ತಕದಲ್ಲಿದೆ ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು. ಬೋಳು ಬಂಡೆ ನೀರು ಹೀರುವುದಿಲ್ಲ, ಬಿದ್ದದ್ದರಲ್ಲಿ ಬಹುಪಾಲು ಕೆಳಗೆ ಓಡುತ್ತದೆ.

ಅನ್ವೇಷಣೆಯ ಹಂತಕ್ಕೆ ಗಾರೆ ಕೆಲಸದವರು ಬಳಸುವ ಲೆವೆಲ್ ಪೈಪು ತಂದಿದ್ದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗಾಳಿಗುಳ್ಳೆ ಹೋಗುವಂತೆ ಮಾಡಿದರೆ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಖರ್ಚು ಕಡಿಮೆ, ಭೌತಶಾಸ್ತ್ರವೂ ಅದರೊಳಗೇ ಇದೆ. ಆಟದ ಮೈದಾನದಲ್ಲಿ 20 ಮೀಟರ್ ಅಂತರದಲ್ಲಿ ಇಬ್ಬರು ಹಿಡಿದರು. ಧ್ವಜಸ್ತಂಭದ ಬಳಿ ನೀರು ನೆಲದಿಂದ 62 ಸೆಂಟಿಮೀಟರ್ ಎತ್ತರದಲ್ಲಿ, ಗೇಟಿನ ಬಳಿ 96ರಲ್ಲಿ ನಿಂತಿತು. ಅಂದರೆ ಗೇಟು 34 ಸೆಂಟಿಮೀಟರ್ ತಗ್ಗು. ಕಣ್ಣಿಗೆ ಮೈದಾನ ಚಪ್ಪಟೆ. ಮಳೆ ಬಂದಾಗ ಗೇಟಿನ ಬಳಿಯೇ ಯಾಕೆ ಕೆಸರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು.

ಆಮೇಲೆ ನಾಲ್ಕು ಗುಂಪು, ನಾಲ್ಕು ಊರು. ಚನ್ನಪಟ್ಟಣದ ಗುಂಪಿಗೆ ಕಣ್ವ ಜಲಾಶಯದ ಕೆಳಗಿನ ಪ್ರದೇಶ. ಮಾಗಡಿಯವರಿಗೆ ಬೆಟ್ಟದ ಬುಡ ಮತ್ತು ಮಂಚನಬೆಲೆ ಜಲಾಶಯದ ಕೆಳಗಿನ ಅರ್ಕಾವತಿ ದಡ. ಕನಕಪುರದವರಿಗೆ ಎರಡು ವಿಷಯ: ಕಲ್ಲು ಕ್ವಾರಿಯ ದೂಳು ಮತ್ತು ಸದ್ದು, ಹಾಗೂ ಬೆಂಗಳೂರಿನ ಕೊಳಚೆ ಹೊತ್ತು ಬೈರಮಂಗಲ ಕೆರೆಯ ಮೂಲಕ ಬಂದು ಅರ್ಕಾವತಿ ಸೇರುವ ವೃಷಭಾವತಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದೆಂಬ ನಿಯಮವಿದೆ. ಮೊಬೈಲಿನಲ್ಲಿ ಅಂದಾಜು ಅಳತೆ ಮಾಡಿ ನೋಡಬಹುದು. ರಾಮನಗರದವರಿಗೆ ಕೆರೆ ಮತ್ತು ಬೋರ್‌ವೆಲ್ ನೀರು. ಗ್ರಾನೈಟ್‌ನಲ್ಲಿ ನೀರು ಇರುವುದು ಬಿರುಕುಗಳಲ್ಲಿ. ಪಕ್ಕದ ಮನೆಗೆ ಸಿಕ್ಕಿತೆಂದು ನಮಗೂ ಸಿಗಬೇಕೆಂದಿಲ್ಲ. ಸಿಕ್ಕ ನೀರಿನಲ್ಲಿ ಫ್ಲೋರೈಡ್ ಇರಬಹುದು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಾಗ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ‘ಕಾಯಿಸಿ ಕುಡಿದರೆ ಆಯ್ತಲ್ಲ ಮಿಸ್?’ ಕಾಯಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ ಎಂದೆ. ಈ ತಪ್ಪು ಕಲ್ಪನೆಗೆ ಇನ್ನೂ ಹತ್ತು ನಿಮಿಷ ಕೊಡಬೇಕಿತ್ತು.

ಕಾಲುವೆಯಿಂದ ಎಷ್ಟು ದೂರ ಬಿಡಬೇಕೆಂದು ಒಬ್ಬ ಕೇಳಿದ. ಬೆಂಗಳೂರಿನ ರಾಜಕಾಲುವೆಗಳಿಗೆ 50, 35, 25 ಮೀಟರ್ ಎಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಕಾನೂನಿನ ಅಳತೆ ಹೀಗೆ ಬದಲಾಗುತ್ತಿರುವುದರಿಂದ ಇಳಿಜಾರನ್ನೂ ನೋಡಬೇಕು ಎಂದೆ.

ಕೊನೆಗೆ ಮೌಲ್ಯಮಾಪನ: ‘ತಗ್ಗಿನಲ್ಲಿ, ಕಾಲುವೆಯ ಪಕ್ಕದಲ್ಲಿ ಮನೆ ಕೊಳ್ಳಬೇಕೇ?’ ಎಲ್ಲರೂ ‘ಬೇಡ ಮಿಸ್’ ಎಂದು ಕೂಗಿದರು. ಕಿಟಕಿಯ ಪಕ್ಕ ಕೂತಿದ್ದ ಹುಡುಗಿ ಮಾತ್ರ ಸುಮ್ಮನಿದ್ದಳು. ಕೇಳಿದ್ದಕ್ಕೆ, ‘ನಮ್ಮನೆ ಅಲ್ಲೇ ಇದೆ ಮಿಸ್. ಬಾಡಿಗೆ ಕಡಿಮೆ’ ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಗಂಟೆ ಹೊಡೆಯಿತು.

ಮಾರ್ಗದರ್ಶಕರು ವೀಕ್ಷಣಾ ನಮೂನೆಯಲ್ಲಿ ಬೋಧನೋಪಕರಣಕ್ಕೆ ಒಳ್ಳೆಯ ಅಂಕ ಕೊಟ್ಟು ಕೆಳಗೆ ಬರೆದಿದ್ದರು: ‘ಆಯ್ಕೆ ಇರುವವರಿಗೆ ಪಾಠ ಮಾಡಿದ್ದೀರಿ. ಆಯ್ಕೆ ಇಲ್ಲದ ಮಗು ಏನು ಬರೆದುಕೊಳ್ಳಬೇಕು?’ ಮೊದಲು ಬೇಸರವಾಯಿತು. ರಾತ್ರಿ ಪಾಠ ಯೋಜನೆ ತೆಗೆದು ನೋಡಿದರೆ ಒಂಬತ್ತು ಕಲಿಕಾಂಶಗಳಲ್ಲಿ ಒಂದೂ ಈಗಾಗಲೇ ಇರುವ ಮನೆಯ ಬಗ್ಗೆ ಇರಲಿಲ್ಲ.

ಆ ಹುಡುಗಿಯ ತಾಯಿಯ ಒಪ್ಪಿಗೆ ಪಡೆದು ಶನಿವಾರ ಮಧ್ಯಾಹ್ನ ಲೆವೆಲ್ ಪೈಪಿನೊಂದಿಗೆ ಅವರ ಮನೆಗೆ ಹೋದೆ. ಗೋಡೆಯ ಮೇಲೆ 2022ರ ನೀರಿನ ಕಲೆ ಇನ್ನೂ ಇತ್ತು, ನೆಲದಿಂದ 99 ಸೆಂಟಿಮೀಟರ್. ಪೈಪಿನ ಒಂದು ತುದಿ ರಸ್ತೆಯ ನಡುವೆ, ಇನ್ನೊಂದು ಮನೆಯೊಳಗೆ. ರಸ್ತೆಯಲ್ಲಿ 40, ಒಳಗೆ 71. ಮನೆಯ ನೆಲ ರಸ್ತೆಗಿಂತ 31 ಸೆಂಟಿಮೀಟರ್ ತಗ್ಗು. ನಾನು ‘ತಗ್ಗಿನಲ್ಲಿ ಕಟ್ಟಿದ್ದಾರೆ’ ಎಂದುಕೊಂಡೆ. ಪಕ್ಕದ ಮನೆಯ ಅಜ್ಜಿ ತಿದ್ದಿದರು: ‘ಮೊದ್ಲು ಬೀದಿಯಿಂದ ಎರಡು ಮೆಟ್ಲು ಹತ್ತಿ ಒಳಕ್ಕೆ ಹೋಗ್ತಿದ್ವಿ ಕಣವ್ವ. ರೋಡ್ ಮೇಲೆ ರೋಡ್ ಹಾಕಿ ಹಾಕಿ ಈಗ ಇಳ್ಕೊಂಡು ಹೋಗ್ಬೇಕು.’ ಕಟ್ಟಿದಾಗ ಆ ಮನೆ ತಗ್ಗಿನಲ್ಲಿರಲಿಲ್ಲ. ಕೊಳ್ಳುವ ದಿನ ನೋಡಿ ಬಂದರೆ ಮುಗಿಯಿತೆಂಬ ನನ್ನ ಇಡೀ ಪಾಠದ ಊಹೆ ಅಲ್ಲಿ ಸಡಿಲವಾಯಿತು.

‘ಬಿ’ ವಿಭಾಗದಲ್ಲಿ ಮನೆಯ ಗುರುತು ಹೇಳದೆ ಈ ಅಳತೆಗಳಿಂದಲೇ ಆರಂಭಿಸಿದೆ. ರಸ್ತೆಯ ಮೇಲೆ ಎಷ್ಟು ನೀರು ನಿಂತಿತ್ತು? 99ರಲ್ಲಿ 31 ಕಳೆದರೆ 68 ಸೆಂಟಿಮೀಟರ್. ಅಷ್ಟು ನೀರಿನಲ್ಲಿ ರಾತ್ರಿ ಮಗುವನ್ನು ಎತ್ತಿಕೊಂಡು ಯಾವ ಕಡೆ ಹೋಗಬೇಕು? ಮಕ್ಕಳು ತಮ್ಮ ಬೀದಿಯ ನಕ್ಷೆ ಬರೆದು ಎತ್ತರದ ಕಡೆಗೆ ಬಾಣ ಹಾಕಿದರು. ಪ್ಲಗ್ ಪಾಯಿಂಟ್ ಎಲ್ಲಿರಬೇಕು, ಅಂಕಪಟ್ಟಿ, ಪಡಿತರ ಚೀಟಿ ಎಲ್ಲಿಡಬೇಕು, ಚರಂಡಿಯ ಮೋರಿ ಕಟ್ಟಿದೆಯೇ, ಜಿಲ್ಲಾ ಕಂಟ್ರೋಲ್ ರೂಮಿನ 1077 ಮನೆಯಲ್ಲಿ ಯಾರಿಗೆ ಗೊತ್ತು ಎಂದೆಲ್ಲ ಮಾತಾಯಿತು. ಸೈಟು ಕೊಳ್ಳುವ ಪ್ರಶ್ನೆ ಕೊನೆಯ ಹತ್ತು ನಿಮಿಷಕ್ಕೆ ಬಂತು. ಆಗ ಮಾತ್ರ ಗ್ರಾಮನಕ್ಷೆ, ದಿಶಾಂಕ್ ಆ್ಯಪ್, ಪಹಣಿಯಲ್ಲಿನ ‘ಬಿ ಖರಾಬು’ ಎಂದರೆ ಹಳ್ಳ, ಕಾಲುವೆ, ದಾರಿಯಂಥ ಸಾರ್ವಜನಿಕ ಜಾಗ ಎಂಬುದನ್ನು ತೋರಿಸಿದೆ. ಗುಂಪುಕೆಲಸ ಮೊಟಕಾಯಿತು, ಕನಕಪುರದ ಕ್ವಾರಿ ಬರಲೇ ಇಲ್ಲ. ಒಂದೇ ಅವಧಿಗೆ ಇದು ಹೆಚ್ಚು. ಎರಡು ಅವಧಿ ಕೇಳಿಕೊಳ್ಳುವುದು ಒಳ್ಳೆಯದು.

ಅದೇ ವಾರ ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆ ಸೈಟಿಗೆ ಹೋದೆ. ದಿಶಾಂಕ್‌ನಲ್ಲಿ ಹಳ್ಳದ ಗೆರೆಯೊಂದು ಬಡಾವಣೆಯ ಮೂಲೆಯನ್ನು ದಾಟುತ್ತಿತ್ತು, ನಮ್ಮ ಸೈಟಿನ ತೀರಾ ಹತ್ತಿರ. ಮೊಬೈಲ್ ತೋರಿಸುವ ಜಾಗ ಕೆಲವು ಮೀಟರ್ ಆಚೀಚೆ ಇರಬಹುದು, ಅದನ್ನೇ ಸಾಕ್ಷಿ ಎನ್ನಲಾಗದು. ಅಲ್ಲಿ ಕುರಿ ಮೇಯಿಸುತ್ತಿದ್ದ ತಾತನನ್ನು ಕೇಳಿದೆವು. ‘ಒಳ್ಳೆ ಮಳೆ ವರ್ಷ ದೀಪಾವಳಿಗಂಟ ಇಲ್ಲಿ ನೀರು ನಿಂತಿರ್ತದೆ’ ಎಂದರು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಲೆವೆಲ್ ಪೈಪು ಎಲ್ಲಿದೆ ಎಂದು ಕೇಳಿದರು.

ಉಳಿದ ಹಣ ಕೊಟ್ಟಿಲ್ಲ. ಗಡಿ ಅಳತೆ ಮಾಡಿಸಿ ಕೊಡಿ ಎಂದು ಬಡಾವಣೆಯವರನ್ನು ಕೇಳಿದ್ದಾರೆ. ಸರ್ವೆಯರ್ ಇನ್ನೂ ಬಂದಿಲ್ಲ, ಮುಂಗಡವೂ ವಾಪಸ್ ಬಂದಿಲ್ಲ.