ಸರ್ವರನ್ನೂ ಒಳಗೊಳ್ಳುವ ವಿನ್ಯಾಸ

ವಿನ್ಯಾಸವೆಂದರೆ ರಂಗವಲ್ಲಿ, ಸೀರೆಯ ಅಂಚು, ಮನೆಯ ನಕ್ಷೆ ಇಷ್ಟೇ ಎಂದು ನಾನು ಬಹುಕಾಲ ತಿಳಿದಿದ್ದೆನು. ಚರಿತ್ರೆ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವ ನಮಗೂ ಅದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾನೂ ಹಾಗೆ ಕೇಳಿದವನೇ. ಆದರೆ ಕಳೆದ ವರ್ಷ ನಡೆದ ಒಂದು ಸಣ್ಣ ಸಂಗತಿಯಿಂದ ನನ್ನ ಭಾವನೆ ಬದಲಾಯಿತು. ಈಗ ‘ಇನ್‌ಕ್ಲೂಸಿವ್ ಡಿಸೈನ್’ ಎಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಓದಬೇಕೆಂಬ ಹಂಬಲ ನನ್ನಲ್ಲಿ ಬೇರೂರಿದೆ. ಕನ್ನಡದಲ್ಲಿ ಇದನ್ನು ಒಳಗೊಳ್ಳುವ ವಿನ್ಯಾಸವೆಂದು ಕರೆಯೋಣ. ಈ ಶಾಸ್ತ್ರದ ಬಗೆಗೆ ನಾನು ತಿಳಿದುಕೊಂಡಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಆ ಸಂಗತಿಯನ್ನು ಹೇಳುವೆನು. ನನ್ನ ತರಗತಿಯ ಮಿತ್ರನೊಬ್ಬನಿಗೆ ಹುಟ್ಟಿನಿಂದಲೂ ದೃಷ್ಟಿಯಿಲ್ಲ. ಓದಿನಲ್ಲಿ ನಮ್ಮೆಲ್ಲರಿಗಿಂತ ಚುರುಕು. ಅವನ ಫೋನು ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಆದರೆ ಪಾಠದ ಟಿಪ್ಪಣಿಗಳು ನಮಗೆ ಬರುತ್ತಿದ್ದುದು ಪುಟಗಳ ಛಾಯಾಚಿತ್ರಗಳಾಗಿ. ಚಿತ್ರದೊಳಗಿನ ಅಕ್ಷರ ಫೋನಿಗೆ ಅಕ್ಷರವಲ್ಲ. ಅದು ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಆದುದರಿಂದ ಪ್ರತಿ ಸಂಜೆ ಹಾಸ್ಟೆಲಿನ ಜಗಲಿಯಲ್ಲಿ ಕುಳಿತು ನಾನು ಅವನಿಗೆ ಓದಿ ಹೇಳುತ್ತಿದ್ದೆನು. ಒಮ್ಮೆ ನನಗೆ ಜ್ವರ ಬಂದು ಒಂದು ವಾರ ಊರಿಗೆ ಹೋಗಿ ಮಲಗಿದೆ. ಅದೇ ವಾರ ಕಿರುಪರೀಕ್ಷೆ. ಅವನು ಅರ್ಧ ಪ್ರಶ್ನೆಗಳಿಗೆ ಉತ್ತರ ಬರೆಸಲಾಗದೆ ಎದ್ದುಬಂದನಂತೆ. ನಾನು ಮರಳಿ ಬಂದಾಗ ನಗುತ್ತಲೇ, “ನಿನಗೆ ಜ್ವರ ಬಂದರೆ ನನ್ನ ಪಾಠಕ್ಕೂ ಜ್ವರ ಬರುತ್ತದಲ್ಲೋ ಮಾರಾಯ!” ಎಂದನು. ನನಗೆ ಮಾತ್ರ ನಗು ಬರಲಿಲ್ಲ. ಪರೋಪಕಾರ ಮಾಡುತ್ತಿದ್ದೇನೆಂಬ ನನ್ನ ಹೆಮ್ಮೆ ಅಂದೇ ಕುಸಿಯಿತು. ಕೊರತೆಯಿದ್ದುದು ಅವನ ಕಣ್ಣಿನಲ್ಲೋ, ನಾವು ಟಿಪ್ಪಣಿ ಹಂಚಿದ ರೀತಿಯಲ್ಲೋ?

ಈ ಪ್ರಶ್ನೆಯೇ ಒಳಗೊಳ್ಳುವ ವಿನ್ಯಾಸದ ಮೂಲ. ಇದರ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಇಂಗ್ಲೆಂಡಿನ ವಾಸ್ತುಶಿಲ್ಪಿ ಸೆಲ್ವಿನ್ ಗೋಲ್ಡ್‌ಸ್ಮಿತ್ ಪೋಲಿಯೋ ರೋಗಕ್ಕೆ ತುತ್ತಾದವರು. ೧೯೬೩ರಲ್ಲಿ ಅಂಗವಿಕಲರಿಗೆ ಅನುಕೂಲವಾದ ಕಟ್ಟಡಗಳ ಬಗೆಗೆ ಗ್ರಂಥವೊಂದನ್ನು ಪ್ರಕಟಿಸಿದರು. ಅದೇ ದಶಕದಲ್ಲಿ ನಾರ್ವಿಚ್ ನಗರದಲ್ಲಿ ಗಾಲಿಕುರ್ಚಿ ಬಳಸುವವರ ಕಷ್ಟಗಳನ್ನು ಅವರಿಂದಲೇ ಕೇಳಿ ತಿಳಿದರು. ಅಲ್ಲಿ ಕಾಲುದಾರಿಯ ಅಂಚನ್ನು ರಸ್ತೆಯ ಮಟ್ಟಕ್ಕೆ ಇಳಿಜಾರಾಗಿ ತಗ್ಗಿಸಲಾಯಿತು. ಇಂಥ ಇಳಿಜಾರಿನಿಂದ ಗಾಲಿಕುರ್ಚಿಯವರಿಗೆ ಮಾತ್ರವೇ ಪ್ರಯೋಜನವೇ? ಕೂಸಿನ ಗಾಡಿ ತಳ್ಳುವ ತಾಯಿಗೂ, ಸಾಮಾನು ಎಳೆಯುವ ಕೂಲಿಯವನಿಗೂ, ಕೋಲೂರಿ ನಡೆಯುವ ಮುದುಕರಿಗೂ ಅದು ಸುಲಭದ ದಾರಿಯೇ.

ಅಮೆರಿಕದಲ್ಲಿ ರೊನಾಲ್ಡ್ ಮೇಸ್ ಎಂಬ ವಾಸ್ತುಶಿಲ್ಪಿ, ತಾವೇ ಗಾಲಿಕುರ್ಚಿ ಬಳಸುತ್ತಿದ್ದವರು, ೧೯೮೦ರ ದಶಕದಲ್ಲಿ ‘ಯೂನಿವರ್ಸಲ್ ಡಿಸೈನ್’ ಅಂದರೆ ಸಾರ್ವತ್ರಿಕ ವಿನ್ಯಾಸ ಎಂಬ ಹೆಸರನ್ನು ಬಳಕೆಗೆ ತಂದರು. ೧೯೯೭ರಲ್ಲಿ ನಾರ್ತ್ ಕೆರೊಲೈನಾ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅದರ ೭ ತತ್ತ್ವಗಳು ರೂಪುಗೊಂಡವು. ೧೯೯೦ರಲ್ಲಿ ಮಾರುಕಟ್ಟೆಗೆ ಬಂದ ‘ಆಕ್ಸೋ’ ಅಡುಗೆ ಸಲಕರಣೆಗಳ ಕತೆಯೂ ಇಲ್ಲಿ ಸ್ಮರಣೀಯ. ಸ್ಯಾಮ್ ಫಾರ್ಬರ್ ಎಂಬ ವ್ಯಾಪಾರಿಯ ಪತ್ನಿಗೆ ಸಂಧಿವಾತ. ಸಾಮಾನ್ಯ ಸಲಕರಣೆ ಹಿಡಿದು ಸಿಪ್ಪೆ ಹೆರೆಯುವುದು ಆಕೆಗೆ ಯಾತನೆ. ಅದಕ್ಕಾಗಿ ದಪ್ಪನೆಯ, ಮೆತ್ತನೆಯ ಹಿಡಿಯನ್ನು ಮಾಡಿಸಿದರು. ಕೈನೋವಿಲ್ಲದವರೂ ಅದನ್ನೇ ಕೊಂಡರು. ಇದನ್ನು ಓದಿದಾಗ, ಮಂಡಿನೋವಿನಿಂದ ಈಳಿಗೆಮಣೆಯ ಮುಂದೆ ಕೂರಲಾರದೆ ಗೋಡೆ ಹಿಡಿದು ಏಳುವ ನನ್ನ ತಾಯಿ ಕಣ್ಣಮುಂದೆ ಬಂದರು.

ಈ ವಿಷಯವನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುವ ಸಂಸ್ಥೆಗಳಲ್ಲಿ ಕೆನಡಾ ದೇಶದ ಟೊರಾಂಟೊ ನಗರದ ಒಕ್ಯಾಡ್ ವಿಶ್ವವಿದ್ಯಾನಿಲಯದ ಹೆಸರು ಪ್ರಸಿದ್ಧವಾದುದು. ಅಲ್ಲಿನ ಒಳಗೊಳ್ಳುವ ವಿನ್ಯಾಸ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದವರು ಯುಟ್ಟಾ ಟ್ರೆವಿರಾನಸ್ ಎಂಬ ವಿದುಷಿ. ೧೯೯೩ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಬೇರೆ ಹೆಸರಿನಿಂದ ಆರಂಭವಾದ ಈ ಕೇಂದ್ರವು ೨೦೧೦ರಲ್ಲಿ ಒಕ್ಯಾಡಿಗೆ ಸ್ಥಳಾಂತರಗೊಂಡಿತು. ಈ ಪಂಥದವರು ಮೂರು ಆಯಾಮಗಳನ್ನು ಹೇಳುವರು. ಮೊದಲನೆಯದು, ಪ್ರತಿಯೊಬ್ಬ ಮನುಷ್ಯನೂ ಬೇರೆಬೇರೆ ಎಂಬುದನ್ನು ಗುರುತಿಸುವುದು. ‘ಸರಾಸರಿ ಮನುಷ್ಯ’ನೆಂಬುವನು ಎಲ್ಲಿಯೂ ಇಲ್ಲ. ಎರಡನೆಯದು, ಯಾರಿಗೆ ತೊಡಕಾಗಿದೆಯೋ ಅವರನ್ನೇ ಕೂಡಿಸಿಕೊಂಡು ವಿನ್ಯಾಸ ಮಾಡುವುದು. ಮೂರನೆಯದು, ಒಬ್ಬರಿಗಾಗಿ ಮಾಡಿದ ಸುಧಾರಣೆ ಹಲವರಿಗೆ ಹೇಗೆ ಒದಗುವುದೆಂಬುದನ್ನು ಗಮನಿಸುವುದು.

ಈ ಮೂರನ್ನೂ ನಾನು ಪುಸ್ತಕದಿಂದಲ್ಲ, ಪೆಟ್ಟು ತಿಂದು ಕಲಿತೆನೆಂದರೆ ತಪ್ಪಲ್ಲ. ಜ್ವರದ ಪ್ರಸಂಗವಾದ ಮೇಲೆ ನಾನು ಅರ್ಥಶಾಸ್ತ್ರದ ಟಿಪ್ಪಣಿಗಳನ್ನೆಲ್ಲ ಬೆರಳಚ್ಚು ಮಾಡಲು ಕುಳಿತೆನು. ಮೊದಲು ಹಳೆಯ ರೀತಿಯ ಕನ್ನಡ ಅಕ್ಷರಗಳಲ್ಲಿ ಮಾಡಿದೆ. ಅವು ಕಣ್ಣಿಗೆ ಕನ್ನಡ, ಯಂತ್ರಕ್ಕೆ ರೋಮನ್ ಲಿಪಿಯ ಕಲಸುಮೇಲೋಗರ. ಫೋನು ಏನೇನೋ ಬಡಬಡಿಸಿತು. ಮತ್ತೆ ಎಲ್ಲವನ್ನೂ ಯೂನಿಕೋಡಿನಲ್ಲಿ ಬರೆದೆನು. ಯೂನಿಕೋಡಿನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆಯಿರುವುದರಿಂದ ಯಂತ್ರವು ‘ಕ’ವನ್ನು ‘ಕ’ವೆಂದೇ ಓದುವುದು. ಕೆಲಸ ಮುಗಿಯಿತೆಂದು ಬೀಗುತ್ತ ಮಿತ್ರನಿಗೆ ಕೊಟ್ಟೆ. ಅವನು ಒಂದು ಗಳಿಗೆ ಕೇಳಿ, “ಅಧ್ಯಾಯ ಎಲ್ಲಿ ಶುರುವಾಗುತ್ತದೆ ಅಂತ ನನಗೆ ಹೇಗೆ ಗೊತ್ತಾಗಬೇಕು?” ಎಂದನು. ಶೀರ್ಷಿಕೆಗಳನ್ನು ನಾನು ದಪ್ಪಕ್ಷರ ಮಾಡಿದ್ದೆನೇ ಹೊರತು ಶೀರ್ಷಿಕೆಗಳೆಂದು ಗುರುತು ಹಾಕಿರಲಿಲ್ಲ. ಹಾಗೆ ಗುರುತು ಹಾಕಿದರೆ ಓದುವ ತಂತ್ರಾಂಶವು ಒಂದು ಶೀರ್ಷಿಕೆಯಿಂದ ಮುಂದಿನದಕ್ಕೆ ನೇರವಾಗಿ ನೆಗೆಯಬಲ್ಲದು. ಅವನನ್ನು ಮೊದಲೇ ಕೇಳಿದ್ದರೆ ನನಗೆ ಹತ್ತು ದಿನದ ಶ್ರಮ ಉಳಿಯುತ್ತಿತ್ತು. ಕೊನೆಗೆ ಇಬ್ಬರೂ ಕೂಡಿ ಸರಿಪಡಿಸಿದೆವು. ಅನಂತರ ನಡೆದುದನ್ನು ಕೇಳಿರಿ: ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ನಾಲ್ಕಾರು ಗೆಳೆಯರು ಅದೇ ಟಿಪ್ಪಣಿಯನ್ನು ಕೇಳಿ ಪಡೆದರು. ನಿಂತು ಪ್ರಯಾಣ ಮಾಡುವಾಗಲೂ ಕಿವಿಗೆ ಹಾಕಿಕೊಂಡು ಪಾಠ ಕೇಳಬಹುದಲ್ಲವೇ!

ನಮ್ಮ ದೇಶದಲ್ಲಿಯೂ ಈ ವಿಚಾರ ಹೊಸತಲ್ಲ. ೨೦೧೧ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರ ಸಂಖ್ಯೆ ೨.೬೮ ಕೋಟಿ. ೧೯೯೫ರ ಕಾನೂನು ೭ ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆ ೨೧ನ್ನು ಗುರುತಿಸಿತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ೨೦೧೧ರಲ್ಲಿ ಭಾರತಕ್ಕೆ ತಕ್ಕ ೫ ತತ್ತ್ವಗಳು ರೂಪುಗೊಂಡವು: ಸಮಾನ, ಸಹಜ, ಸಾಂಸ್ಕೃತಿಕ, ಸಸ್ತಾ, ಸುಂದರ. ಅಗ್ಗವಾಗಿರಬೇಕೆಂಬ ನಾಲ್ಕನೆಯ ಮಾತು ನಮ್ಮ ಮನೆಗಳನ್ನು ಬಲ್ಲವರೇ ಆಡಿದ ಮಾತು. ಇದೇ ಸಂಸ್ಥೆಯ ಬೆಂಗಳೂರಿನ ಆವರಣದಲ್ಲಿ ಸಾರ್ವತ್ರಿಕ ವಿನ್ಯಾಸದ ಸ್ನಾತಕೋತ್ತರ ವ್ಯಾಸಂಗಕ್ಕೂ ಏರ್ಪಾಡಾಯಿತು. ಪ್ರವೇಶಕ್ಕೆ ಪ್ರಾಥಮಿಕ, ಮುಖ್ಯ ಎಂದು ಎರಡು ಹಂತದ ಪರೀಕ್ಷೆ. ಆಸಕ್ತರು ಆಯಾ ವರ್ಷದ ಪ್ರಕಟಣೆಯಲ್ಲಿ ಅರ್ಹತೆಯ ನಿಯಮಗಳನ್ನು ಓದಿಕೊಳ್ಳುವುದು ಒಳ್ಳೆಯದು.

ಕಲಾವಿಭಾಗದವನಿಗೆ ಇದು ಸಾಧ್ಯವೇ ಎಂದರೆ, ಸಾಧ್ಯವೆಂದೇ ನನ್ನ ನಂಬಿಕೆ. ಚಿತ್ರ ಬರೆಯುವ ಕೈಯಷ್ಟೇ ಇಲ್ಲಿ ಸಾಲದು. ಸಮಾಜವನ್ನು ಅರಿಯುವ ಬುದ್ಧಿ, ಜನರ ಮಾತನ್ನು ತಾಳ್ಮೆಯಿಂದ ಕೇಳುವ ಕಿವಿ, ಕಂಡದ್ದನ್ನು ಸ್ಪಷ್ಟವಾಗಿ ಬರೆಯುವ ಭಾಷೆ ಇವೂ ಬೇಕು. ನಮ್ಮ ಅಧ್ಯಾಪಕರು ಮೂರು ವರ್ಷ ನಮಗೆ ಕಲಿಸಿದ್ದು ಇದನ್ನೇ ಅಲ್ಲವೇ?

ಆದರೂ ಮನಸ್ಸು ಹೊಯ್ದಾಡುತ್ತಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಹೊಸಿಲು ತುಳಿದವನು ನಾನೇ ಮೊದಲಿಗ. ಬಿ.ಎಡ್. ಮಾಡಿ ಬೇಗನೆ ಸಂಬಳ ತರಲಿ ಎಂಬುದು ತಂದೆಯವರ ಆಸೆ. ಎರಡು ಎಕರೆ ಮಳೆಯಾಶ್ರಿತ ಹೊಲದಲ್ಲಿ ದುಡಿದು ನನ್ನನ್ನು ಓದಿಸಿದವರ ಆಸೆಯನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಟೊರಾಂಟೊ ನನ್ನ ಪಾಲಿಗೆ ಭೂಪಟದ ಮೇಲಿನ ಊರು. ಮೊನ್ನೆ ತಂದೆಯವರಿಗೆ ಎಲ್ಲವನ್ನೂ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, “ನಿಮ್ಮವ್ವ ನಿಂತು ಹೆಚ್ಚೋ ಹಂಗೆ ಒಂದು ಈಳಿಗೆಮಣೆ ಮೊದಲು ಮಾಡಪ್ಪ, ಆಮೇಲೆ ನೋಡೋಣ” ಎಂದರು. ಅದು ಒಪ್ಪಿಗೆಯೋ ಅಲ್ಲವೋ ನನಗೆ ಇನ್ನೂ ತಿಳಿದಿಲ್ಲ. ಊರ ಬಡಗಿಯನ್ನೂ ತಾಯಿಯವರನ್ನೂ ಜೊತೆಗೆ ಕೂರಿಸಿಕೊಂಡು ಈ ಬೇಸಿಗೆಯಲ್ಲಿ ಆ ಕೆಲಸಕ್ಕೆ ಕೈಹಾಕಲಿರುವೆನು. ಪ್ರವೇಶ ಪರೀಕ್ಷೆಯನ್ನೂ ಒಮ್ಮೆ ಬರೆದು ನೋಡುವೆನು. ಸೋತರೆ ಬಿ.ಎಡ್. ಇದ್ದೇ ಇದೆ, ಶಾಲೆಯ ಕೊಠಡಿಯಲ್ಲಿಯೂ ಈ ಶಾಸ್ತ್ರಕ್ಕೆ ಕೆಲಸವಿದೆ.

ಕೊನೆಯದಾಗಿ ಸಂಪಾದಕ ಮಂಡಲಿಯವರಲ್ಲಿ ಒಂದು ಬಿನ್ನಹ. ಈ ವಾರ್ಷಿಕ ಸಂಚಿಕೆಯನ್ನು ಅಚ್ಚು ಮಾಡಿಸುವುದರೊಂದಿಗೆ, ಯೂನಿಕೋಡ್ ಅಕ್ಷರಗಳಲ್ಲಿ, ಶೀರ್ಷಿಕೆಗಳಿಗೆ ಸರಿಯಾದ ಗುರುತು ಹಾಕಿ, ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯದ ಗಣಕಯಂತ್ರದಲ್ಲಿಯೂ ಇಡಬೇಕು. ಹಾಗೆ ಮಾಡಿದರೆ ನನ್ನ ಮಿತ್ರನು ಈ ಲೇಖನವನ್ನು ತಾನೇ ಓದಿ, ಇದರಲ್ಲಿರುವ ತಪ್ಪುಗಳನ್ನು ನನಗೆ ತೋರಿಸಿಕೊಡುವನು.