ಮಳೆಗಾಲದಲ್ಲಿ ಬೆಳೆಗಾವಲಿನ ಕೋವಿ: ಆಯ್ಕೆಯೂ ಜೋಪಾನವೂ

ಕಲಬುರಗಿ ನಗರದಿಂದ ಹುಮನಾಬಾದಿಗೆ ಹೋಗುವ ಹಾದಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದುದು. ಈ ಬಾಳೆಯು ನೆಟ್ಟಂದಿನಿಂದ ಗೊನೆ ಕಡಿಯುವವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹೊಲದಲ್ಲಿರಬೇಕು. ಅಷ್ಟು ಕಾಲದ ದುಡಿಮೆಯನ್ನು ಕಾಡುಹಂದಿಯ ಹಿಂಡು ಒಂದೇ ರಾತ್ರಿಯಲ್ಲಿ ಹಾಳುಮಾಡಬಲ್ಲುದು. ಪರವಾನಗಿಯುಳ್ಳ ರೈತನು ಕೋವಿಯನ್ನು ನಂಬಿ ಕಾವಲಿಗೆ ಹೋಗುವುದುಂಟು. ಆದರೆ ಮಳೆಯಲ್ಲಿ ನೆನೆದು ತುಕ್ಕು ಹಿಡಿದ ಕೋವಿಯು ಹಂದಿಗಿಂತ ಮೊದಲು ಹಿಡಿದವನಿಗೇ ಕೇಡು ಮಾಡಬಹುದು.

ಕರಾವಳಿಯಲ್ಲಿ ವರ್ಷಕ್ಕೆ ಸುಮಾರು ೩,೫೦೦ ಮಿಲಿಮೀಟರಿಗೂ ಮೇಲ್ಪಟ್ಟು ಮಳೆಯಾಗುತ್ತದೆ. ಕಲಬುರಗಿಯಲ್ಲಿ ಅದರ ಕಾಲುಭಾಗಕ್ಕಿಂತಲೂ ಕಡಿಮೆ. ಆದುದರಿಂದ ಇಲ್ಲಿ ತುಕ್ಕಿನ ಭಯವಿಲ್ಲವೆಂದು ಎಣಿಸುವುದು ತಪ್ಪು. ಉಪ್ಪುಗಾಳಿಯನ್ನು ಬಲ್ಲ ಕರಾವಳಿಯವನು ಕೋವಿಯನ್ನು ದಿನವೂ ಒರಸುತ್ತಾನೆ. ಒಣ ಸೀಮೆಯಲ್ಲಿ ಎಂಟು ತಿಂಗಳು ಮೂಲೆಯಲ್ಲಿದ್ದ ಕೋವಿಯು ಮುಂಗಾರಿನಲ್ಲಿ ಒಮ್ಮೆಲೇ ಹೊರಗೆ ಬರುತ್ತದೆ. ಕೇಡು ಮಳೆಯ ಅಳತೆಯಿಂದಲ್ಲ, ಒರಸದೆ ಬಿಟ್ಟ ಒಂದು ರಾತ್ರಿಯಿಂದ ಆರಂಭವಾಗುತ್ತದೆ.

೧. ಕಾಯಿದೆಯ ಕಟ್ಟಳೆ

ಕೋವಿಯ ಪರವಾನಗಿ ಬೇರೆ, ಮೃಗವನ್ನು ಹೊಡೆಯುವ ಅಪ್ಪಣೆ ಬೇರೆ. ೧೯೫೯ನೆಯ ಆಯುಧ ಕಾಯಿದೆಯು ಬೆಳೆರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಗೂ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದಲ್ಲಿ ನುಣುಪು ನಳಿಗೆಯ ಬೇರೆ ಕೋವಿಗೂ ಪರವಾನಗಿ ಕೊಡಲು ಅವಕಾಶವಿತ್ತಿದೆ. ೨೦೧೯ರ ತಿದ್ದುಪಡಿಯಂತೆ ಪರವಾನಗಿಯ ಅವಧಿ ೫ ವರ್ಷ.

ಹೊಡೆಯುವ ವಿಷಯವನ್ನು ೧೯೭೨ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಗೊತ್ತುಪಡಿಸಿದೆ. ನಿಂತ ಬೆಳೆಗೆ ಅಪಾಯಕಾರಿಯಾದ ಕಾಡುಹಂದಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕಾರ ಪಡೆದವರ ಲಿಖಿತ ಅಪ್ಪಣೆ ಇರತಕ್ಕದ್ದು. ಕೃಷ್ಣಮೃಗವು ಒಂದನೆಯ ಅನುಸೂಚಿಗೆ ಸೇರಿದೆ. ಬೆಳೆ ಮೇಯ್ದಿತೆಂಬ ಕಾರಣಕ್ಕೆ ಅದನ್ನು ಹೊಡೆಯಲು ಅಪ್ಪಣೆಯೇ ದೊರೆಯದು.

೨. ಯಾವ ಕೋವಿ ತಕ್ಕದು

ರೈಫಲಿನ ನಳಿಗೆಯೊಳಗೆ ಸುರುಳಿ ಗೆರೆಗಳಿರುತ್ತವೆ. ಅದರ ಗುಂಡು ಗುರಿ ತಪ್ಪಿದರೆ ಮೈಲಿಗಟ್ಟಲೆ ಹೋಗಬಲ್ಲುದು. ನೆರೆಹೊಲಗಳಲ್ಲಿಯೂ ಜನರು ಕಾವಲು ಮಲಗಿರುವ ಬಯಲುಸೀಮೆಗೆ ಇದು ತಕ್ಕುದಲ್ಲ. ಹತ್ತಿರದಲ್ಲಿ ಹಂದಿಯನ್ನು ಎದುರಿಸುವವನಿಗೆ ನುಣುಪು ನಳಿಗೆಯ ೧೨ ಬೋರಿನ ಒಂಟಿ ನಳಿಗೆ ಕೋವಿ ಸಾಕು. ಒಂದು ಪೌಂಡು ಸೀಸದಿಂದ ೧೨ ಸಮಗುಂಡುಗಳನ್ನು ಎರೆದರೆ ಒಂದೊಂದು ಗುಂಡಿನ ಅಗಲ ಎಷ್ಟೋ ಅಷ್ಟು ಅಗಲದ ನಳಿಗೆಗೆ ೧೨ ಬೋರು ಎಂಬ ಹೆಸರು. ಅದು ಸುಮಾರು ೧೮.೫ ಮಿಲಿಮೀಟರು. ನಡು ಮುರಿದು ತೆರೆಯುವ ಈ ಕೋವಿಯಲ್ಲಿ ಭಾಗಗಳು ಕಡಿಮೆ. ನಳಿಗೆಯು ಈ ತುದಿಯಿಂದ ಆ ತುದಿಗೆ ಕಾಣುವುದರಿಂದ ಕೆಸರು, ನೀರು, ತುಕ್ಕು ಇವೆಲ್ಲವೂ ಕಣ್ಣಿಗೆ ಬೀಳುತ್ತವೆ.

ಬಾಯಿಂದ ಮದ್ದು ತುಂಬುವ ಕೋವಿಯು ಅಗ್ಗವಾದರೂ ಮಳೆಯಲ್ಲಿ ಕಷ್ಟದ್ದು. ಮದ್ದೂ ಕೇಪೂ ನೆನೆದರೆ ಹಾರುವುದಿಲ್ಲ. ಕರಿಮದ್ದು ಉರಿದಮೇಲೆ ಉಳಿಯುವ ಮಸಿಯು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ಬೇಗನೆ ತಿನ್ನುತ್ತದೆ.

ಮರದ ಹಿಡಿಯು ನೀರು ಕುಡಿದು ಉಬ್ಬುತ್ತದೆ. ಕೃತಕ ವಸ್ತುವಿನ ಹಿಡಿಗೆ ಆ ದೋಷವಿಲ್ಲ. ತುಕ್ಕುನಿರೋಧಕ ಉಕ್ಕಿಗೂ ತುಕ್ಕು ತಡವಾಗಿ ಬರುತ್ತದೆಯೇ ಹೊರತು ಬಾರದೆ ಇರುವುದಿಲ್ಲ. ಗಾಜಿನ ದುರ್ಬೀನು ಮಳೆಯಲ್ಲಿ ಮಬ್ಬಾಗುವುದರಿಂದ ಕಬ್ಬಿಣದ ಗುರಿಮೊನೆಯೇ ಮೇಲು.

೩. ಸಜ್ಜು

ಕಾಗದದ ಕವಚದ ತೋಟಾ ತೇವಕ್ಕೆ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಕವಚದ್ದನ್ನೇ ಕೊಳ್ಳತಕ್ಕದ್ದು. ಅದನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ನಳಿಗೆಯ ಬಾಯಿಗೆ ಬಟ್ಟೆ ತುರುಕಬಾರದು. ಅದನ್ನು ಮರೆತು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಎರೆಮಣ್ಣಿನ ಕೆಸರು ಹೊಕ್ಕರೂ ಹಾಗೆಯೇ. ಕೋವಿ ನೆಲಕ್ಕೆ ತಗಲಿದ್ದರೆ ತೋಟಾ ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದ ಹೊರತು ಮತ್ತೆ ತುಂಬಕೂಡದು. ಎತ್ತರದ ಅಟ್ಟಣೆಯಿಂದ ನೆಲದ ಕಡೆಗೆ ಹಾರಿಸಿದರೆ ತಪ್ಪಿದ ಗುಂಡು ಮಣ್ಣು ಸೇರುವುದು.

೪. ಅದೇ ರಾತ್ರಿ ಮಾಡತಕ್ಕ ಕೆಲಸ

(ಅ) ಮನೆಗೆ ಬಂದೊಡನೆ ಕೋವಿಯನ್ನು ತೆರೆದು ತೋಟಾ ತೆಗೆಯಬೇಕು. ನಳಿಗೆ ಬರಿದಾಗಿರುವುದನ್ನು ಕಣ್ಣಾರೆ ಕಾಣಬೇಕು.

(ಆ) ಗಜಕ್ಕೆ ಒಣಬಟ್ಟೆ ಸುತ್ತಿ, ಬಟ್ಟೆಯು ಒಣಗಿದ್ದಂತೆಯೇ ಹೊರಬರುವ ತನಕ ನಳಿಗೆಯನ್ನು ಒರಸಬೇಕು. ಕರಿಮದ್ದಿನ ಕೋವಿಯಾದರೆ ನಳಿಗೆಯನ್ನು ಮೊದಲು ಬಿಸಿನೀರಿನಿಂದ ತೊಳೆಯತಕ್ಕದ್ದು. ಕರಾವಳಿಯಲ್ಲಿ ಸಿಹಿನೀರಿನ ಬಟ್ಟೆಯಿಂದ ಹೊರಮೈಯ ಉಪ್ಪನ್ನು ಒರಸಿ ಒಣಗಿಸತಕ್ಕದ್ದು.

(ಇ) ಬಳಿಕ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಸವರಬೇಕು. ಅಗಸೆ ಮತ್ತು ಕುಸುಬೆ ಎಣ್ಣೆಗಳು ಕಬ್ಬಿಣದ ಮೇಲೆ ಒಣಗಿ ಅಂಟಾಗುತ್ತವೆ. ಅಗಸೆ ಎಣ್ಣೆಯನ್ನು ಮರದ ಹಿಡಿಗೆ ಮಾತ್ರ ಹಚ್ಚಬಹುದು. ಕೊಬ್ಬರಿ ಎಣ್ಣೆಯು ಕಲಬುರಗಿಯ ಚಳಿಗಾಲದ ರಾತ್ರಿಗಳಲ್ಲಿ ಹೆಪ್ಪುಗಟ್ಟಿ ಕುದುರೆಯನ್ನು ಬಿಗಿಮಾಡುತ್ತದೆ. ಹಾರಿಸುವ ಮುನ್ನ ನಳಿಗೆಯ ಎಣ್ಣೆಯನ್ನು ಒರಸಿ ತೆಗೆಯಬೇಕು.

(ಈ) ತೊಗಲಿನ ಚೀಲವು ತೇವ ಹಿಡಿಯುವುದರಿಂದ ಅದರಲ್ಲಿ ಕೋವಿಯನ್ನು ಇಟ್ಟು ಮರೆಯಬಾರದು. ಮಳೆಗಾಲದಲ್ಲಿ ಬೆವರುವ ಶಹಾಬಾದ ಕಲ್ಲಿನ ಗೋಡೆಗೆ ಒರಗಿಸಲೂ ಬಾರದು. ಬೀಗವುಳ್ಳ ಒಣ ಪೆಟ್ಟಿಗೆಯಲ್ಲಿ ಕೋವಿಯನ್ನೂ, ಬೇರೆ ಬೀಗದಲ್ಲಿ ತೋಟಾಗಳನ್ನೂ ಮಕ್ಕಳ ಕೈಗೆ ಸಿಗದಂತೆ ಇಡತಕ್ಕದ್ದು.

೫. ಕೊನೆಯ ಮಾತು

ಕೋವಿಯು ಕೊನೆಯ ಉಪಾಯ. ನೆರೆಹೊಲದವರು ಕೂಡಿ ಹಾಕಿದ ಬೇಲಿ, ಸೌರಶಕ್ತಿಯ ಬೇಲಿ, ಸರದಿಯ ಕಾವಲು ಇವೇ ಮೊದಲಿನವು. ಬೆಳೆ ಹಾಳಾದಾಗ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿಯನ್ನು ಕೊಡಬಹುದು. ಕರೆಂಟಿನ ತಂತಿ ಬಿಡುವುದು, ಸಿಡಿಮದ್ದಿನ ಉಂಡೆ ಇಡುವುದು ಇವು ಅಪರಾಧಗಳು; ಮೇಲಾಗಿ ದನಗಳನ್ನೂ ಮನುಷ್ಯರನ್ನೂ ಕೊಲ್ಲತಕ್ಕವು. ಹಾಳಾದ ಬಾಳೆಯನ್ನು ಮುಂದಿನ ಸಾಲಿಗೆ ಮತ್ತೆ ನೆಡಬಹುದು. ಸಿಡಿದ ನಳಿಗೆಯಿಂದ ಹೋದ ಕೈಯಾಗಲಿ ಕಣ್ಣಾಗಲಿ ತಿರುಗಿ ಬಾರದು. ಕಾಲು ಗಂಟೆಯ ಒರಸುವಿಕೆಯನ್ನು ಬೆಳಗಿಗೆ ಮುಂದೂಡದ ರೈತನೇ ಕೋವಿಯನ್ನು ಇಟ್ಟುಕೊಳ್ಳಲು ಯೋಗ್ಯನು.